ಕೂಡಿ ದುಡಿಯುವ ಶಿಕ್ಷಣವೂ ಅದರ ಪರೀಕ್ಷೆಯೂ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧ, ಕೌಲುಕರಾರುಗಳ ಕಥೆಯೆಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಮನುಷ್ಯರು ತಮ್ಮ ತಪ್ಪುಗಳಿಂದ ಏನನ್ನು ಕಲಿತರು, ಕಲಿತುದು ನಿಜವಾಗಿ ಮೈಗೂಡಿತೇ ಇಲ್ಲವೇ ಎಂಬುದನ್ನು ಹೇಗೆ ಪರೀಕ್ಷಿಸಿಕೊಂಡರು ಎಂಬುದೂ ಚರಿತ್ರೆಯ ಒಂದು ಭಾಗವೇ ಸರಿ. ಈ ದಿನ ನಾವು ಹೇಳಹೊರಟಿರುವುದು ಅಂಥ ಒಂದು ಚರಿತ್ರೆ. ವಿಮಾನ ನಡೆಸುವುದು, ಸಮುದ್ರದ ನಡುವೆ ಬಾವಿ ಕೊರೆದು ಎಣ್ಣೆ ತೆಗೆಯುವುದು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು, ಇಂಥ ಅಪಾಯ ಹೆಚ್ಚಾದ ಕೆಲಸಗಳಲ್ಲಿ ಹಲವರು ಕೂಡಿ ದುಡಿಯುವುದನ್ನೇ ಒಂದು ವಿದ್ಯೆಯೆಂದು ಬಗೆದು ಕಲಿಸತೊಡಗಿದ್ದು ಹೇಗೆ? ಆ ಕಲಿಸುವಿಕೆಯಿಂದ ಜೀವಗಳು ಉಳಿದವೇ ಎಂಬ ಪ್ರಶ್ನೆಗೆ ವಿದ್ವಾಂಸರು ಉತ್ತರ ಹುಡುಕಿದ್ದು ಹೇಗೆ? ಇವೆರಡೇ ಈ ಚರಿತ್ರೆಯ ವಸ್ತು.

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ಬಲ್ಲವರಿಗೆ ಕೂಡಿ ದುಡಿಯುವುದನ್ನು ಬೇರೆ ಯಾರಾದರೂ ಬಂದು ಕಲಿಸಬೇಕೇ ಎಂದು ಶ್ರೋತೃಗಳು ಕೇಳಬಹುದು. ನಾಟಿಯ ಕಾಲದಲ್ಲಿ ಮುಯ್ಯಾಳುಗಳಾಗಿ ಒಬ್ಬರ ಗದ್ದೆಗೆ ಒಬ್ಬರು ಹೋಗುವವರು, ಒಂದೇ ಕೂಗಿಗೆ ತೇರಿನ ಹಗ್ಗವನ್ನೆಳೆಯುವವರು, ಯಾವ ಶಾಲೆಯಲ್ಲಿಯೂ ಇದನ್ನು ಕಲಿತವರಲ್ಲ. ನಿಜ. ಆದರೆ ಒಂದು ಭೇದವುಂಟು. ತೇರನ್ನೆಳೆಯುವ ನೂರು ಜನರ ಕಣ್ಣಿಗೂ ತೇರು ಒಂದೇ. ಅದು ಓರೆಯಾದರೆ ಎಲ್ಲರಿಗೂ ಕಾಣುತ್ತದೆ. ದೊಡ್ಡ ವಿಮಾನವೊಂದನ್ನು ನಡೆಸುವ ಕೋಣೆಯಲ್ಲಿ ಹಾಗಲ್ಲ. ಒಬ್ಬನ ಕಣ್ಣು ವೇಗವನ್ನು ತೋರಿಸುವ ಮುಳ್ಳಿನ ಮೇಲೆ, ಇನ್ನೊಬ್ಬನ ಕಣ್ಣು ಇಂಧನದ ಅಳತೆಯ ಮೇಲೆ, ಮತ್ತೊಬ್ಬನ ಕಿವಿ ರೇಡಿಯೋದ ಮೇಲೆ. ಇಡೀ ಸಂಗತಿ ಯಾರೊಬ್ಬನಿಗೂ ಕಾಣದು. ಒಬ್ಬನಿಗೆ ತಿಳಿದುದು ಬಾಯಿಂದ ಹೊರಟು, ಇನ್ನೊಬ್ಬನ ಕಿವಿಯನ್ನು ಸೇರಿ, ಅಲ್ಲಿಂದ ಅವನ ಮನಸ್ಸಿಗೆ ಇಳಿದರೆ ಮಾತ್ರ ಅದು ಎಲ್ಲರ ತಿಳಿವಳಿಕೆಯಾಗುತ್ತದೆ. ಈ ಹಾದಿಯಲ್ಲಿ ಎಲ್ಲಿಯಾದರೂ ತಡೆಬಿದ್ದರೆ, ತಿಳಿದವನೊಬ್ಬನು ಪಕ್ಕದಲ್ಲಿಯೇ ಕುಳಿತಿದ್ದರೂ ಎಲ್ಲರೂ ಸಾಯಬಹುದು. ಇದು ಅತಿಶಯೋಕ್ತಿಯಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ.

೧೯೭೭ನೆಯ ಇಸವಿ ಮಾರ್ಚಿ ೨೭ರಂದು, ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದರ ವಿಮಾನ ನಿಲ್ದಾಣದಲ್ಲಿ ಬಾಂಬೊಂದು ಸಿಡಿದುದರಿಂದ, ಅಲ್ಲಿಗೆ ಬರುತ್ತಿದ್ದ ವಿಮಾನಗಳನ್ನು ಪಕ್ಕದ ಟೆನೆರೀಫ್ ದ್ವೀಪಕ್ಕೆ ತಿರುಗಿಸಿದರು. ಅಲ್ಲಿಯ ನಿಲ್ದಾಣ ಚಿಕ್ಕದು, ವಿಮಾನಗಳು ಕಿಕ್ಕಿರಿದುವು, ಸಾಲದುದಕ್ಕೆ ದಟ್ಟವಾದ ಮಂಜು ಕವಿಯಿತು. ಹಾಲೆಂಡ್ ದೇಶದ ಕೆ. ಎಲ್. ಎಂ. ಸಂಸ್ಥೆಯ ವಿಮಾನವು ರನ್‌ವೇಯ ಒಂದು ತುದಿಯಲ್ಲಿ ಹಾರುವುದಕ್ಕೆ ಸಿದ್ಧವಾಗಿ ನಿಂತಿತ್ತು. ಅಮೆರಿಕದ ಪ್ಯಾನ್ ಅಮೆರಿಕನ್ ಸಂಸ್ಥೆಯ ವಿಮಾನವು ಅದೇ ರನ್‌ವೇಯ ಮೇಲೆ ನಿಧಾನವಾಗಿ ಬರುತ್ತಿತ್ತು. ಮಂಜಿನಲ್ಲಿ ಒಂದಕ್ಕೊಂದು ಕಾಣಿಸದು. ನಿಯಂತ್ರಣ ಗೋಪುರದವರಿಗೆ ಎರಡೂ ಕಾಣಿಸವು. ಹಾಲೆಂಡಿನ ವಿಮಾನದ ನಾಯಕನು ಸಾಮಾನ್ಯನಲ್ಲ. ತನ್ನ ಸಂಸ್ಥೆಯಲ್ಲಿ ಆ ಜಾತಿಯ ವಿಮಾನ ನಡೆಸುವವರಿಗೆಲ್ಲ ಶಿಕ್ಷಣ ಕೊಡುವವರ ಮುಖ್ಯಸ್ಥನು. ಅವನ ಪಕ್ಕದಲ್ಲಿದ್ದ ಸಹಚಾಲಕನನ್ನು ಪರೀಕ್ಷಿಸಿ ಅರ್ಹನೆಂದು ಒಪ್ಪಿದವನೂ ಅವನೇ. ನಾಯಕನು ಒಮ್ಮೆ ಹೊರಡಲು ಅನುವಾದಾಗ, ನಮಗಿನ್ನೂ ಅನುಮತಿ ಬಂದಿಲ್ಲವೆಂದು ಸಹಚಾಲಕನು ತಡೆದನು. ನಾಯಕನು ನಿಂತನು. ದಾರಿಯ ವಿಷಯವಾದ ಸೂಚನೆಗಳು ಗೋಪುರದಿಂದ ಬಂದುವು. ಹಾರಬಹುದೆಂಬ ಅಪ್ಪಣೆ ಅದರಲ್ಲಿರಲಿಲ್ಲ. ನಾಯಕನು ಎರಡನೆಯ ಬಾರಿ ಹೊರಟನು. ಈ ಸಲ ಸಹಚಾಲಕನು ತಡೆಯಲಿಲ್ಲ. ಹಿಂದೆ ಕುಳಿತಿದ್ದ ಎಂಜಿನಿಯರನು ಮಾತ್ರ, ಆ ಪ್ಯಾನ್ ಅಮೆರಿಕನ್ ವಿಮಾನವು ಇನ್ನೂ ರನ್‌ವೇಯನ್ನು ಬಿಟ್ಟಿಲ್ಲವೋ ಏನೋ ಎಂಬರ್ಥದ ಪ್ರಶ್ನೆಯನ್ನು ಕೇಳಿದನು. ಬಿಟ್ಟಿದೆಯೆಂದು ನಾಯಕನು ಒತ್ತಿ ಹೇಳಿದನು. ಎಂಜಿನಿಯರನು ಸುಮ್ಮನಾದನು. ಕೆಲವು ಕ್ಷಣಗಳ ಮೇಲೆ ಎರಡು ವಿಮಾನಗಳೂ ಒಂದಕ್ಕೊಂದು ಬಡಿದು ಉರಿದುಹೋದುವು. ಸತ್ತವರು ೫೮೩ ಮಂದಿ. ವಿಮಾನಗಳ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಅಪಘಾತ ಬೇರೆಯಿಲ್ಲ.

ಈ ದುರಂತಕ್ಕೆ ಕಾರಣಗಳು ಹಲವು. ಮಂಜು, ಆತುರ, ಒಂದೇ ವೇಳೆಗೆ ಇಬ್ಬರು ಮಾತನಾಡಿದುದರಿಂದ ಕರ್ಕಶ ಶಬ್ದದಲ್ಲಿ ಮುಳುಗಿಹೋದ ರೇಡಿಯೋ ಸಂದೇಶ, ಇವೆಲ್ಲವೂ ಸೇರಿದ್ದುವು. ಆದರೆ ನಾವು ಗಮನಿಸತಕ್ಕದ್ದು ಬೇರೊಂದು. ಅಪಾಯದ ಶಂಕೆ ಆ ಕೋಣೆಯೊಳಗೇ ಹುಟ್ಟಿತ್ತು. ಬಾಯಿಂದ ಹೊರಕ್ಕೂ ಬಂದಿತ್ತು. ಆದರೆ ಅದು ಪ್ರಶ್ನೆಯ ರೂಪದಲ್ಲಿ, ಹಿರಿಯನೆದುರು ಕಿರಿಯನು ಆಡುವ ಅಳುಕಿನ ದನಿಯಲ್ಲಿ ಬಂದಿತ್ತು. ಹಿರಿಯನ ಒಂದು ಮಾತಿಗೆ ಅದು ಅಡಗಿಹೋಯಿತು.

ಇಂಥದೇ ಪಾಠವನ್ನು ಅಮೆರಿಕದ ಇನ್ನೆರಡು ಅಪಘಾತಗಳೂ ಕಲಿಸಿದ್ದುವು. ೧೯೭೨ನೆಯ ಇಸವಿ ಡಿಸೆಂಬರು ೨೯ರ ರಾತ್ರಿ ಫ್ಲಾರಿಡ ಪ್ರಾಂತದಲ್ಲಿ, ಗಾಲಿಗಳು ಇಳಿದಿವೆಯೆಂದು ತೋರಿಸತಕ್ಕ ಒಂದು ಪುಟ್ಟ ದೀಪ ಹತ್ತಲಿಲ್ಲವೆಂದು ಚಾಲಕರೆಲ್ಲರೂ ಅದರ ಮೇಲೆ ಬಗ್ಗಿದರು. ವಿಮಾನವು ಮೆಲ್ಲಮೆಲ್ಲನೆ ಕೆಳಕ್ಕಿಳಿಯುತ್ತಿದ್ದುದು ಯಾರ ಗಮನಕ್ಕೂ ಬಾರದೆ, ಅದು ಜೌಗು ನೆಲದಲ್ಲಿ ಬಿದ್ದು ೧೦೧ ಜನರು ಸತ್ತರು. ೧೯೭೮ನೆಯ ಇಸವಿ ಡಿಸೆಂಬರು ೨೮ರಂದು ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ಪಟ್ಟಣದ ಮೇಲೆ, ಯುನೈಟೆಡ್ ಸಂಸ್ಥೆಯ ವಿಮಾನವೊಂದು ಗಾಲಿಗಳ ದೋಷವನ್ನು ವಿಚಾರಿಸುತ್ತ ಸುಮಾರು ಒಂದು ಗಂಟೆಯ ಕಾಲ ಸುತ್ತುಹಾಕಿತು. ಇಂಧನ ಕಡಮೆಯಾಗುತ್ತಿದೆಯೆಂದು ಎಂಜಿನಿಯರನು ಹೇಳಿದನು. ಆದರೆ ‘ಇನ್ನು ಉಳಿದಿರುವುದು ಇಷ್ಟೇ ನಿಮಿಷ, ಈಗಲೇ ಇಳಿಯಬೇಕು’ ಎಂದು ಗಟ್ಟಿಯಾಗಿ ಹೇಳಲಿಲ್ಲ. ನಾಯಕನ ಮನಸ್ಸು ಗಾಲಿಗಳಲ್ಲಿಯೇ ನೆಟ್ಟಿತ್ತು. ಎಂಜಿನುಗಳು ಒಂದೊಂದಾಗಿ ನಿಂತುವು; ವಿಮಾನವು ಊರಂಚಿನಲ್ಲಿ ಬಿದ್ದಿತು. ೧೮೯ ಮಂದಿಯಲ್ಲಿ ೧೦ ಮಂದಿ ಸತ್ತರು. ಸತ್ತವರಲ್ಲಿ ಆ ಎಂಜಿನಿಯರನೂ ಒಬ್ಬನು.

ಈ ಅಪಘಾತವನ್ನು ವಿಚಾರಿಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಲಿಯು ೧೯೭೯ರಲ್ಲಿ ಒಂದು ಹೊಸ ಬಗೆಯ ಶಿಫಾರಸನ್ನು ಮಾಡಿತು. ನಾಯಕರಿಗೆ ಇತರರನ್ನು ಆಲೋಚನೆಯಲ್ಲಿ ಸೇರಿಸಿಕೊಂಡು ಆಳುವ ಕ್ರಮವನ್ನೂ, ಉಳಿದವರಿಗೆ ತಮ್ಮ ಅಭಿಪ್ರಾಯವನ್ನು ದೃಢವಾಗಿ ಹೇಳುವ ಕ್ರಮವನ್ನೂ ಕಲಿಸಬೇಕೆಂಬುದೇ ಅದು. ಅದೇ ವರ್ಷ ಜೂನ್ ತಿಂಗಳಲ್ಲಿ ನಾಸಾ ಸಂಸ್ಥೆಯು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಇದೇ ವಿಷಯವಾಗಿ ಒಂದು ಸಭೆಯನ್ನು ಕೂಡಿಸಿತು. ಅನೇಕ ಅಪಘಾತಗಳಲ್ಲಿ ಕೆಟ್ಟದ್ದು ಯಂತ್ರವೂ ಅಲ್ಲ, ಚಾಲಕರ ಕೈಚಳಕವೂ ಅಲ್ಲ, ಅವರವರ ನಡುವಣ ಮಾತುಕತೆ, ಕೆಲಸದ ಹಂಚಿಕೆ, ನಾಯಕತ್ವ ಎಂಬುದು ಆ ಸಭೆಯಲ್ಲಿ ಸ್ಪಷ್ಟವಾಯಿತು. ೧೯೮೧ರಲ್ಲಿ ಯುನೈಟೆಡ್ ಸಂಸ್ಥೆಯು ತನ್ನ ಚಾಲಕರಿಗೆ ಈ ಶಿಕ್ಷಣವನ್ನು ಕ್ರಮವಾಗಿ ಕೊಡಲಾರಂಭಿಸಿತು. ಅದಕ್ಕೆ ಮೊದಲು ‘ಕಾಕ್‌ಪಿಟ್ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂದು ಹೆಸರಾಯಿತು. ವಿಮಾನದಲ್ಲಿ ದುಡಿಯುವವರೆಲ್ಲರಿಗೂ ಅದು ಅಗತ್ಯವೆಂದು ಕಂಡ ಮೇಲೆ ‘ಕಾಕ್‌ಪಿಟ್’ ಎಂಬ ಮಾತು ಹೋಗಿ ‘ಕ್ರೂ’ ಎಂಬ ಮಾತು ಬಂದಿತು. ಎಲ್ಲರೂ ಇದನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಇದೇನು ನಯವಿನಯ ಕಲಿಸುವ ಶಾಲೆಯೋ ಎಂದು ಹಾಸ್ಯಮಾಡಿದ ಹಿರಿಯ ಚಾಲಕರೂ ಇದ್ದರು.

ಹಾಸ್ಯಮಾಡಿದವರ ಬಾಯಿ ಕಟ್ಟಿದ ಸಂಗತಿಯೊಂದು ೧೯೮೯ರ ಜುಲೈ ೧೯ರಂದು ನಡೆಯಿತು. ಅದೇ ಯುನೈಟೆಡ್ ಸಂಸ್ಥೆಯ ವಿಮಾನವೊಂದರ ಬಾಲದ ಎಂಜಿನು ಆಕಾಶದಲ್ಲಿ ಒಡೆದು, ವಿಮಾನವನ್ನು ತಿರುಗಿಸುವ ದ್ರವದ ನಾಳಗಳನ್ನೆಲ್ಲ ಕತ್ತರಿಸಿಹಾಕಿತು. ಅಂಥ ಸ್ಥಿತಿಯಲ್ಲಿ ಏನು ಮಾಡಬೇಕೆಂದು ಯಾವ ಕೈಪಿಡಿಯಲ್ಲಿಯೂ ಬರೆದಿರಲಿಲ್ಲ. ನಾಯಕರಾಗಿದ್ದ ಆಲ್ ಹೇನ್ಸ್ ಎಂಬವರು ತನಗೆ ತಿಳಿಯದೆಂಬುದನ್ನು ಮರೆಮಾಡಲಿಲ್ಲ. ಪ್ರಯಾಣಿಕರ ನಡುವೆ ಅದೇ ಸಂಸ್ಥೆಯ ಶಿಕ್ಷಕ ಚಾಲಕ ಡೆನಿಸ್ ಫಿಚ್ ಎಂಬವರಿದ್ದರು. ಅವರನ್ನು ಒಳಕ್ಕೆ ಕರೆದು, ಉಳಿದ ಎರಡು ಎಂಜಿನುಗಳ ಬಲವನ್ನು ಹೆಚ್ಚುಕಡಮೆ ಮಾಡಿ ವಿಮಾನವನ್ನು ತಿರುಗಿಸುವ ಕೆಲಸವನ್ನು ಅವರ ಕೈಗೆ ಕೊಟ್ಟರು. ನಾಲ್ವರೂ ಒಬ್ಬರ ಮಾತನ್ನೊಬ್ಬರು ಕೇಳುತ್ತ, ತಿದ್ದುತ್ತ, ವಿಮಾನವನ್ನು ಅಯೋವ ಪ್ರಾಂತದ ಸೂ ಸಿಟಿಯ ನಿಲ್ದಾಣದವರೆಗೆ ತಂದರು. ಅದು ನೆಲಕ್ಕೆ ಬಡಿದು ಒಡೆಯಿತು. ೧೧೨ ಜನ ಸತ್ತರು. ಆದರೆ ೧೮೪ ಜನ ಉಳಿದರು. ತಮಗೆ ಸಿಕ್ಕಿದ್ದ ಶಿಕ್ಷಣದಿಂದಲೇ ಇದು ಸಾಧ್ಯವಾಯಿತೆಂದು ಹೇನ್ಸರು ಜೀವಮಾನವೆಲ್ಲ ಹೇಳುತ್ತಿದ್ದರು.

ಇಲ್ಲಿಗೆ ಕಥೆಯನ್ನು ಮುಗಿಸಿ, ಶಿಕ್ಷಣವು ಜಯಶಾಲಿಯಾಯಿತೆಂದು ಹೇಳಿಬಿಡಬಹುದು. ಹಲವರು ಹಾಗೆಯೇ ಹೇಳಿಯೂ ಇದ್ದಾರೆ. ಆದರೆ ಚರಿತ್ರೆಯನ್ನು ಓದುವವರು ಒಂದು ಉದಾಹರಣೆಯಿಂದ ತೃಪ್ತರಾಗಬಾರದು. ಹೇನ್ಸರು ಶಿಕ್ಷಣವಿಲ್ಲದೆಯೂ ಹಾಗೆಯೇ ನಡೆದುಕೊಳ್ಳುತ್ತಿದ್ದರೋ ಏನೋ! ಅದೇ ಶಿಕ್ಷಣ ಪಡೆದೂ ಹಾಗೆ ನಡೆದುಕೊಳ್ಳದವರು ಎಷ್ಟು ಮಂದಿ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಅಳತೆಗೋಲೊಂದು ಬೇಕು.

ಅಪಘಾತಗಳು ಕಡಮೆಯಾದುವೇ ಎಂದು ಎಣಿಸಿದರೆ ಸಾಲದೇ ಎಂದು ಕೆಲವರಿಗೆ ತೋರಬಹುದು. ಇಲ್ಲಿಯೇ ಇರುವುದು ತೊಡಕು. ಊರಿನ ಕೆರೆಯ ಏರಿಯನ್ನು ಒಂದು ವರ್ಷ ಗಟ್ಟಿಮಾಡಿದರೆಂದು ಇಟ್ಟುಕೊಳ್ಳೋಣ. ಮುಂದಿನ ಹತ್ತು ವರ್ಷ ಏರಿ ಒಡೆಯಲಿಲ್ಲ. ಅದು ಏರಿಯ ಬಲದಿಂದಲೋ, ಹತ್ತು ವರ್ಷವೂ ದೊಡ್ಡ ಮಳೆ ಬಾರದುದರಿಂದಲೋ? ಏರಿಗಳು ಒಡೆಯುವುದೇ ಅಪರೂಪವಾದ ಸೀಮೆಯಲ್ಲಿ, ಒಡೆಯದಿರುವುದು ಯಾವುದಕ್ಕೂ ಸಾಕ್ಷಿಯಾಗಲಾರದು. ವಿಮಾನಗಳ ವಿಷಯವೂ ಹೀಗೆಯೇ. ಲಕ್ಷಾಂತರ ಹಾರಾಟಗಳಿಗೆ ಒಂದು ಅಪಘಾತ. ಅಲ್ಲದೆ ಅದೇ ವರ್ಷಗಳಲ್ಲಿ ಎಂಜಿನುಗಳು ಉತ್ತಮವಾದುವು; ನೆಲವು ಹತ್ತಿರವಾದರೆ ಕೂಗಿ ಎಚ್ಚರಿಸುವ ಯಂತ್ರಗಳು ಬಂದುವು. ಇವುಗಳಲ್ಲಿ ಯಾವುದರ ಪಾಲೆಷ್ಟೆಂದು ವಿಂಗಡಿಸುವುದು ಹೇಗೆ? ಟೆಕ್ಸಾಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೆಲ್ಮ್‌ರೈಕ್ ಅವರು ಈ ಶಿಕ್ಷಣದ ಪರಮ ಪಕ್ಷಪಾತಿಗಳು. ಆದರೂ ಅವರು ತಮ್ಮ ಸಹೋದ್ಯೋಗಿಗಳೊಡನೆ ೧೯೯೯ರಲ್ಲಿ ಬರೆದ ಲೇಖನದಲ್ಲಿ, ಅಪಘಾತಗಳ ಸಂಖ್ಯೆಯಿಂದ ಈ ಶಿಕ್ಷಣದ ಬೆಲೆಯನ್ನು ನಿಶ್ಚಯಿಸುವುದು ಸಾಧ್ಯವೇ ಇಲ್ಲವೆಂದು ಒಪ್ಪಿಕೊಂಡರು. ತನ್ನ ಪಕ್ಷಕ್ಕೆ ಪ್ರತಿಕೂಲವಾದ ಮಾತನ್ನು ಹೀಗೆ ತಾನೇ ಮೊದಲು ಹೇಳುವುದು ವಿದ್ವಾಂಸನ ಲಕ್ಷಣವೆಂದು ನಾವು ಎಣಿಸುತ್ತೇವೆ.

ಅಳತೆಗೋಲು ಬೇರೊಂದು ಕಡೆಯಿಂದ ಬಂದಿತು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು ೧೯೫೯ರಲ್ಲಿ ಪ್ರಾರಂಭಿಸಿದ ಲೇಖನಮಾಲೆಯಲ್ಲಿ, ಯಾವ ಶಿಕ್ಷಣವನ್ನೇ ಆಗಲಿ ನಾಲ್ಕು ಮೆಟ್ಟಿಲುಗಳಲ್ಲಿ ಪರೀಕ್ಷಿಸಬೇಕೆಂದು ಹೇಳಿದ್ದರು. ಮೊದಲನೆಯದು, ಕಲಿತವರಿಗೆ ಪಾಠ ಹಿಡಿಸಿತೇ? ಎರಡನೆಯದು, ಅವರ ತಿಳಿವಳಿಕೆಯೂ ಮನೋಭಾವವೂ ಬದಲಾದುವೇ? ಮೂರನೆಯದು, ಕೆಲಸಕ್ಕೆ ಹಿಂದಿರುಗಿದ ಮೇಲೆ ಅವರ ನಡತೆ ಬದಲಾಯಿತೇ? ನಾಲ್ಕನೆಯದು, ಅದರಿಂದ ಸಂಸ್ಥೆಗೆ ಫಲವಾಯಿತೇ? ನಮ್ಮ ವಿಷಯದಲ್ಲಿ ಈ ಫಲವೆಂದರೆ ಜೀವಗಳು ಉಳಿಯುವುದು. ಮೆಟ್ಟಿಲು ಮೇಲಕ್ಕೆ ಹೋದಂತೆ ಪರೀಕ್ಷೆ ಕಷ್ಟವಾಗುತ್ತದೆ. ಹಾಗೆಯೇ ಅದರ ಬೆಲೆಯೂ ಹೆಚ್ಚುತ್ತದೆ. ಉಪನ್ಯಾಸವನ್ನು ಕೇಳಿ ಕೈಚಪ್ಪಾಳೆ ತಟ್ಟುವ ವಿದ್ಯಾರ್ಥಿಗಳೆಲ್ಲರೂ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲವೆಂಬುದು ಅಧ್ಯಾಪಕರಿಗೆ ಗೊತ್ತಿರತಕ್ಕ ಸಂಗತಿಯೇ.

ಮೊದಲನೆಯ ಮೆಟ್ಟಿಲಿನಲ್ಲಿ ಈ ಶಿಕ್ಷಣಕ್ಕೆ ಸುಲಭವಾಗಿ ಜಯ ಸಿಕ್ಕಿತು. ಹಾಸ್ಯಮಾಡುತ್ತ ಬಂದವರಲ್ಲಿಯೂ ಹೆಚ್ಚು ಜನರು ಒಪ್ಪುತ್ತ ಹೋದರು. ಎರಡನೆಯ ಮೆಟ್ಟಿಲಿಗಾಗಿ ಹೆಲ್ಮ್‌ರೈಕ್ ಅವರು ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ, ಶಿಕ್ಷಣದ ಮೊದಲೂ ಆಮೇಲೂ ಚಾಲಕರ ಮನೋಭಾವವನ್ನು ಅಳೆದರು. ಒಟ್ಟಿನಲ್ಲಿ ಮನೋಭಾವವು ಸುಧಾರಿಸಿದುದು ನಿಜ. ಆದರೆ ಅವರು ಇನ್ನೆರಡು ಸಂಗತಿಗಳನ್ನೂ ಕಂಡರು. ಸ್ವಲ್ಪ ಜನರಲ್ಲಿ ಈ ಪಾಠವು ವಿಪರೀತ ಫಲವನ್ನು ಕೊಟ್ಟಿತು. ಅವರು ಬಂದಾಗ ಇದ್ದುದಕ್ಕಿಂತ ಹೆಚ್ಚು ಹಟಮಾರಿಗಳಾಗಿ ಹಿಂದಿರುಗಿದರು. ಮತ್ತು ಒಮ್ಮೆ ಕಲಿಸಿ ಬಿಟ್ಟರೆ, ಕಾಲ ಕಳೆದಂತೆ ಒಳ್ಳೆಯ ಮನೋಭಾವವೂ ಸವೆಯುತ್ತ ಬರುತ್ತಿತ್ತು. ತಾಮ್ರದ ಪಾತ್ರೆಯನ್ನು ಒಂದು ಬಾರಿ ಬೆಳಗಿಟ್ಟರೆ ಅದು ಎಂದೆಂದಿಗೂ ಹೊಳೆಯುತ್ತಿರದಷ್ಟೆ.

ಮೂರನೆಯ ಮೆಟ್ಟಿಲು ನಡತೆಯದು. ಅದನ್ನು ತಿಳಿಯುವುದಕ್ಕೆ ಎರಡು ಉಪಾಯಗಳು ಬಂದುವು. ನೆಲದ ಮೇಲೆಯೇ ವಿಮಾನದ ಕೋಣೆಯಂತೆ ರಚಿಸಿದ ಯಂತ್ರದೊಳಗೆ ಚಾಲಕರನ್ನು ಕೂಡಿಸಿ, ಹೊರಡುವುದು ಮೊದಲ್ಗೊಂಡು ಇಳಿಯುವವರೆಗೆ ಇಡೀ ಪ್ರಯಾಣವನ್ನು ಅಣಕವಾಗಿ ನಡೆಸಿ, ನಡುವೆ ತೊಂದರೆಗಳನ್ನು ಒಡ್ಡಿ ನೋಡುವುದು ಒಂದು. ಸಾಧಾರಣವಾದ ಹಾರಾಟಗಳಲ್ಲಿ ಪಳಗಿದ ವೀಕ್ಷಕನೊಬ್ಬನು ಚಾಲಕರ ಹಿಂದೆ ಕುಳಿತು, ಯಾರು ಯಾವಾಗ ಏನು ಹೇಳಿದರು, ಯಾರು ಕೇಳಿದರು, ತಪ್ಪನ್ನು ಯಾರು ಹಿಡಿದರು ಎಂದು ಬರೆದುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಒಂದು ಕಟ್ಟುಪಾಡಿತ್ತು: ಬರೆದುಕೊಂಡುದರಲ್ಲಿ ಯಾರ ಹೆಸರೂ ಇರಕೂಡದು, ಅದರ ಆಧಾರದ ಮೇಲೆ ಯಾರನ್ನೂ ದಂಡಿಸಕೂಡದು. ದಂಡದ ಭಯವಿದ್ದಲ್ಲಿ ಜನರು ನಿತ್ಯದ ನಡತೆಯನ್ನು ಬಿಟ್ಟು ಪರೀಕ್ಷಕನಿಗೆ ಮೆಚ್ಚಾಗುವ ನಡತೆಯನ್ನು ತೋರಿಸುತ್ತಾರೆಂಬುದನ್ನು ಈ ಉಪಾಯವನ್ನು ಕಂಡುಹಿಡಿದವರು ಅರಿತಿದ್ದರು.

೨೦೦೧ರಲ್ಲಿ ಎಡ್ವರ್ಡೋ ಸಾಲಸ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ, ಅಲ್ಲಿಯವರೆಗೆ ಪ್ರಕಟವಾಗಿದ್ದ ೫೮ ವರದಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ನೋಡಿದರು. ಕಲಿತವರು ಮೆಚ್ಚಿದ್ದಾರೆ, ಬಹುಮಟ್ಟಿಗೆ ಕಲಿತಿದ್ದಾರೆ, ನಡತೆಯಲ್ಲಿಯೂ ಬದಲಾವಣೆ ತೋರಿದೆ, ಆದರೆ ನಾಲ್ಕನೆಯ ಮೆಟ್ಟಿಲಿನ ವಿಷಯದಲ್ಲಿ, ಎಂದರೆ ಸುರಕ್ಷತೆ ನಿಜವಾಗಿ ಹೆಚ್ಚಿತೆಂಬ ವಿಷಯದಲ್ಲಿ, ಖಂಡಿತವಾದ ಸಾಕ್ಷ್ಯ ಸಾಲದು. ಇದು ಅವರ ತೀರ್ಪಿನ ಸಾರ. ಶಿಕ್ಷಣವು ಹುಟ್ಟಿ ಇಪ್ಪತ್ತು ವರ್ಷಗಳಾದ ಮೇಲೂ ಇಷ್ಟೇ ಹೇಳಬಹುದಾಗಿತ್ತು.

ಈ ನಡುವೆ ಶಿಕ್ಷಣವು ಆಕಾಶದಿಂದ ನೆಲಕ್ಕೂ ನೀರಿಗೂ ಇಳಿದಿತ್ತು. ೧೯೮೮ನೆಯ ಇಸವಿ ಜುಲೈ ೬ರ ರಾತ್ರಿ ಸ್ಕಾಟ್ಲೆಂಡಿನಾಚೆ ಉತ್ತರ ಸಮುದ್ರದಲ್ಲಿದ್ದ ‘ಪೈಪರ್ ಆಲ್ಫ’ ಎಂಬ ಎಣ್ಣೆ ತೆಗೆಯುವ ಕಟ್ಟೆಯು ಉರಿದುಹೋಗಿ ೧೬೭ ಮಂದಿ ಸತ್ತರು. ದುರಸ್ತಿಗಾಗಿ ಒಂದು ಪಂಪಿನ ರಕ್ಷಣಾ ಕವಾಟವನ್ನು ಹಗಲಿನವರು ಬಿಚ್ಚಿದ್ದರು. ಆ ಸಂಗತಿ ರಾತ್ರಿಯ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಆ ಪಂಪನ್ನು ನಡೆಸಲು ಹೋದರು. ಕಟ್ಟೆ ಉರಿಯುತ್ತಿದ್ದಾಗಲೂ ನೆರೆಯ ಕಟ್ಟೆಗಳವರು ತಮ್ಮ ಎಣ್ಣೆಯನ್ನು ಕೂಡಲೇ ನಿಲ್ಲಿಸಲಿಲ್ಲ. ವಿಚಾರಣೆ ನಡೆಸಿದ ಲಾರ್ಡ್ ಕಲನ್ ಅವರು ೧೯೯೦ರಲ್ಲಿ ೧೦೬ ಶಿಫಾರಸುಗಳನ್ನು ಮಾಡಿದರು. ಆಪತ್ಕಾಲದಲ್ಲಿ ಆಜ್ಞೆ ಕೊಡಬಲ್ಲವರನ್ನೇ ಮುಖ್ಯಾಧಿಕಾರಿಗಳನ್ನಾಗಿ ಆರಿಸಿ, ಅವರಿಗೆ ಅದರಲ್ಲಿ ಅಭ್ಯಾಸ ಮಾಡಿಸಬೇಕೆಂಬುದೂ ಅವುಗಳಲ್ಲಿ ಸೇರಿತ್ತು. ಆದರೆ ಇಲ್ಲಿಯೂ ದೊಡ್ಡ ಅಪಘಾತಗಳು ಅಪರೂಪವಾದುದರಿಂದ ಅಳೆಯುವ ಕಷ್ಟ ಮೊದಲಿನಂತೆಯೇ ಉಳಿಯಿತು.

ಆಸ್ಪತ್ರೆಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ದುರದೃಷ್ಟದಿಂದ ಸಾವುನೋವು ಅಪರೂಪವಲ್ಲ. ಆದ್ದರಿಂದ ನಾಲ್ಕನೆಯ ಮೆಟ್ಟಿಲನ್ನು ಅಳೆಯುವುದು ಸಾಧ್ಯ. ಅಮೆರಿಕದಲ್ಲಿ ಮೂರು ಪರೀಕ್ಷೆಗಳು ನಡೆದುವು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ೨೦೦೨ರಲ್ಲಿ ಪ್ರಕಟವಾದ ಮೊದಲನೆಯದು ಒಂಬತ್ತು ಆಸ್ಪತ್ರೆಗಳ ತುರ್ತುಚಿಕಿತ್ಸೆಯ ವಿಭಾಗಗಳದು. ಆರರಲ್ಲಿ ಶಿಕ್ಷಣ ಕೊಟ್ಟರು, ಮೂರರಲ್ಲಿ ಕೊಡಲಿಲ್ಲ. ಶಿಕ್ಷಣ ಸಿಕ್ಕಿದ ಕಡೆ ವೀಕ್ಷಕರು ಗುರುತಿಸಿದ ತಪ್ಪುಗಳ ಪ್ರಮಾಣವು ನೂರಕ್ಕೆ ೩೦.೯ರಿಂದ ೪.೪ಕ್ಕೆ ಇಳಿಯಿತು. ಇದು ಬಹು ದೊಡ್ಡ ಇಳಿತ. ಆದರೆ ಯಾವ ಆಸ್ಪತ್ರೆಗೆ ಶಿಕ್ಷಣ ಕೊಡಬೇಕೆಂಬುದನ್ನು ಚೀಟಿಯೆತ್ತಿ ನಿಶ್ಚಯಿಸಿರಲಿಲ್ಲ. ಉತ್ಸಾಹವುಳ್ಳವರೇ ಮುಂದೆ ಬಂದಿದ್ದರೆ ಆ ಫಲದಲ್ಲಿ ಉತ್ಸಾಹದ ಪಾಲೆಷ್ಟು, ಶಿಕ್ಷಣದ ಪಾಲೆಷ್ಟು?

ಎರಡನೆಯದು ೨೦೦೭ರದು. ಹದಿನೈದು ಹೆರಿಗೆ ಆಸ್ಪತ್ರೆಗಳನ್ನು ಚೀಟಿಯೆತ್ತುವ ನ್ಯಾಯದಿಂದಲೇ ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಶಿಕ್ಷಣ ಕೊಟ್ಟು, ೨೮,೦೦೦ಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ನೋಡಿದರು. ತಾಯಿಗೂ ಮಗುವಿಗೂ ಒದಗಿದ ತೊಂದರೆಗಳಲ್ಲಿ ಎರಡು ಪಂಗಡಗಳಿಗೂ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ! ಒಂದು ಮಾತ್ರ ಕಂಡಿತು. ಕೂಡಲೇ ಶಸ್ತ್ರಚಿಕಿತ್ಸೆಯಿಂದ ಮಗುವನ್ನು ತೆಗೆಯಬೇಕೆಂದು ನಿಶ್ಚಯಿಸಿದ ಮೇಲೆ ಕೆಲಸ ಪ್ರಾರಂಭವಾಗುವುದಕ್ಕೆ ಹಿಡಿಯುತ್ತಿದ್ದ ಹೊತ್ತು, ಶಿಕ್ಷಣವಿಲ್ಲದ ಕಡೆ ಸುಮಾರು ೩೩ ನಿಮಿಷವಾಗಿದ್ದರೆ, ಶಿಕ್ಷಣ ಪಡೆದ ಕಡೆ ೨೧ ನಿಮಿಷ.

ಮೂರನೆಯದು ೨೦೧೦ರದು. ಅಮೆರಿಕದ ನಿವೃತ್ತ ಸೈನಿಕರ ೧೦೮ ಆಸ್ಪತ್ರೆಗಳಲ್ಲಿ ೭೪ಕ್ಕೆ ಶಿಕ್ಷಣ ಸಿಕ್ಕಿತ್ತು. ೩೪ಕ್ಕೆ ಇನ್ನೂ ಸರದಿ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯ ಮೇಲಣ ಮರಣಗಳ ಪ್ರಮಾಣವು ಒಂದು ವರ್ಷದಲ್ಲಿ ಶಿಕ್ಷಣ ಪಡೆದ ಕಡೆ ನೂರಕ್ಕೆ ೧೮ರಷ್ಟು, ಪಡೆಯದ ಕಡೆ ೭ರಷ್ಟು ತಗ್ಗಿತು. ಇಲ್ಲಿ ಶಿಕ್ಷಣವು ಒಂದು ದಿನದ ಪಾಠಕ್ಕೆ ಮುಗಿಯಲಿಲ್ಲ. ಮೊದಲು ಎರಡು ತಿಂಗಳ ಸಿದ್ಧತೆ; ಆಮೇಲೆ ಪಾಠ; ಆಮೇಲೆ ಒಂದು ವರ್ಷ, ಮೂರು ಮೂರು ತಿಂಗಳಿಗೊಮ್ಮೆ ವಿಚಾರಣೆ, ಸಲಹೆ. ಕತ್ತಿ ಹಿಡಿಯುವ ಮೊದಲು ವೈದ್ಯರು, ದಾದಿಯರು, ಅರಿವಳಿಕೆ ಕೊಡುವವರು ಎಲ್ಲರೂ ನಿಂತು, ಆಗಬೇಕಾದುದನ್ನು ಪಟ್ಟಿ ಹಿಡಿದು ಮಾತಾಡಬೇಕು. ಮುಗಿದ ಮೇಲೆ ಆದುದನ್ನು ಮಾತಾಡಬೇಕು. ಇಲ್ಲಿಯೂ ಚೀಟಿಯ ನ್ಯಾಯವಿರಲಿಲ್ಲವೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಆದರೂ ಮೂರನ್ನೂ ಒಟ್ಟಿಗೆ ನೋಡಿದಾಗ ನಮಗೆ ತೋರುವುದಿಷ್ಟು: ಬರಿಯ ಪಾಠದಿಂದ ದೊಡ್ಡ ಫಲವನ್ನು ನಿರೀಕ್ಷಿಸಲಾಗದು, ಪಾಠವು ದಿನದಿನದ ಕೆಲಸದ ಕಟ್ಟಳೆಯಾಗಿ ನೆಲೆಗೊಂಡರೆ ಫಲವುಂಟೆಂದು ನಂಬುವುದಕ್ಕೆ ಆಧಾರವಿದೆ.

ಈ ಚರಿತ್ರೆಯೆಲ್ಲ ದೂರದೇಶದ್ದೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ೨೦೧೦ನೆಯ ಇಸವಿ ಮೇ ೨೨ರ ಬೆಳಗ್ಗೆ ಆರು ಗಂಟೆ ಕಳೆದ ಮೇಲೆ, ದುಬೈಯಿಂದ ೧೬೬ ಜನರನ್ನು ಹೊತ್ತು ಬಂದ ಏರ್ ಇಂಡಿಯ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಅಲ್ಲಿಯ ನಿಲ್ದಾಣವು ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು. ರನ್‌ವೇಯ ಉದ್ದ ಸುಮಾರು ೮,೦೦೦ ಅಡಿ. ತೀರ ಎತ್ತರದಿಂದ, ತೀರ ವೇಗವಾಗಿ ಬಂದ ವಿಮಾನವು ಅದರಲ್ಲಿ ಸುಮಾರು ೫,೨೦೦ ಅಡಿಗಳನ್ನು ದಾಟಿದ ಮೇಲೆ ನೆಲವನ್ನು ಮುಟ್ಟಿತು. ನಿಲ್ಲಿಸಲಾಗದೆ ತುದಿಯನ್ನು ದಾಟಿ, ಕೆಂಜಾರಿನ ಕಂದರಕ್ಕೆ ಬಿದ್ದು ಉರಿಯಿತು. ೧೫೮ ಜನ ಸತ್ತರು. ಉಳಿದವರು ಎಂಟೇ ಮಂದಿ. ಗಲ್ಫ್ ದೇಶಗಳಲ್ಲಿ ದುಡಿದು, ಮನೆಯವರನ್ನು ಕಾಣುವುದಕ್ಕೆ ಬರುತ್ತಿದ್ದ ಕರಾವಳಿಯ ಜನ ಅದರಲ್ಲಿ ಬಹಳವಾಗಿದ್ದರು.

ವಿಚಾರಣಾ ನ್ಯಾಯಾಲಯದ ವರದಿಯಲ್ಲಿ ಹೇಳಿರುವುದನ್ನು ಕೇಳಿದರೆ ಟೆನೆರೀಫಿನ ನೆನಪಾಗದಿರದು. ನಾಯಕನು ಪ್ರಯಾಣದ ಬಹುಭಾಗ ನಿದ್ರಿಸಿದ್ದನು. ನಿದ್ದೆಯ ಮಬ್ಬು ಹರಿದಿರಲಿಲ್ಲ. ಇಳಿಯುವಾಗ ಸಹಚಾಲಕನು, ಇಳಿಯುವುದು ಬೇಡ, ಮೇಲೇರಿ ಮತ್ತೆ ಸುತ್ತಿಬರೋಣವೆಂಬ ಎಚ್ಚರಿಕೆಯನ್ನು ಒಂದಲ್ಲ, ಎರಡಲ್ಲ, ಮೂರು ಬಾರಿ ಹೇಳಿದನು. ಯಂತ್ರವೂ ಕೂಗಿ ಎಚ್ಚರಿಸಿತು. ನಾಯಕನು ಇಳಿಸುತ್ತಲೇ ಹೋದನು. ಸಹಚಾಲಕನು ಮಾತನ್ನಾಡಿದನು; ಆದರೆ ಚ್ಯುಕ್ಕಾಣಿಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ತೆಗೆದುಕೊಳ್ಳುವ ಅಧಿಕಾರ ಅವನಿಗೆ ಯಾವಾಗ ಉಂಟೆಂಬ ವಿಷಯದಲ್ಲಿ ನಿಬಂಧನೆಗಳು ಸ್ಪಷ್ಟವಾಗಿರಲಿಲ್ಲವೆಂಬುದನ್ನೂ ನ್ಯಾಯಾಲಯವು ಎತ್ತಿತೋರಿಸಿತು. ಅಷ್ಟು ಹೊತ್ತಿಗೆ ಟೆನೆರೀಫ್ ನಡೆದು ಮೂವತ್ತಮೂರು ವರ್ಷಗಳಾಗಿದ್ದುವು; ಕೂಡಿ ದುಡಿಯುವ ಶಿಕ್ಷಣವು ವಿಮಾನ ಸಂಸ್ಥೆಗಳಲ್ಲಿ ರೂಢಿಗೆ ಬಂದಿತ್ತು. ೧೯೭೭ರಲ್ಲಿ ಕಿರಿಯನು ಅಳುಕುತ್ತ ಪ್ರಶ್ನೆ ಕೇಳಿದನು; ೨೦೧೦ರಲ್ಲಿ ಕಿರಿಯನು ನೇರವಾಗಿ ಹೇಳಿದನು. ಇದನ್ನು ಮುನ್ನಡೆಯೆನ್ನೋಣವೇ? ನಾಲಗೆಯ ಕಟ್ಟು ಬಿಚ್ಚಿತ್ತು. ಕಿವಿಯ ಬಾಗಿಲು ತೆರೆದಿರಲಿಲ್ಲ. ನೇರವಾಗಿ ಹೇಳಿದುದಷ್ಟನ್ನೇ ಎಣಿಸುವ ಪರೀಕ್ಷಕನಿದ್ದರೆ ಆ ಸಹಚಾಲಕನಿಗೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದನು. ಆದರೂ ೧೫೮ ಜನ ಸತ್ತರು.

ಇದಕ್ಕೆ ಹೋಲುವ, ಆದರೆ ಯಾರಿಗೂ ಅಪಾಯವಿಲ್ಲದ, ನಮ್ಮದೇ ಒಂದು ಅನುಭವವನ್ನು ಹೇಳುತ್ತೇವೆ. ಒಮ್ಮೆ ನಾವು ತರಗತಿಯಲ್ಲಿ ಪಾಠ ಹೇಳುತ್ತ, ಟಿಪ್ಪೂ ಸುಲ್ತಾನನು ಕಾರ್ನ್‌ವಾಲೀಸನೊಡನೆ ಮಾಡಿಕೊಂಡ ಶ್ರೀರಂಗಪಟ್ಟಣದ ಕೌಲಿನ ವರ್ಷವನ್ನು ಹಲಗೆಯ ಮೇಲೆ ೧೭೯೯ ಎಂದು ಬರೆದುಬಿಟ್ಟೆವು. ಅದು ೧೭೯೨. ಅರುವತ್ತು ಮಂದಿ ವಿದ್ಯಾರ್ಥಿಗಳು ತಪ್ಪನ್ನೇ ಬರೆದುಕೊಂಡರು. ಆಮೇಲೆ ಪುಸ್ತಕಗಳನ್ನು ತಿದ್ದುವಾಗ, ಹಿಂದಿನ ಬೆಂಚಿನ ಹುಡುಗನೊಬ್ಬನ ಪುಸ್ತಕದಲ್ಲಿ ಮಾತ್ರ ೧೭೯೨ ಎಂದಿತ್ತು. ಕರೆದು ಕೇಳಿದೆವು: ‘ನಿನಗೆ ಗೊತ್ತಿದ್ದರೂ ಏಕಪ್ಪ ಹೇಳಲಿಲ್ಲ?’ ಅವನು ತಲೆ ತಗ್ಗಿಸಿ, ‘ಬರೆದವರು ತಾವಲ್ಲವೇ ಸಾರ್’ ಎಂದನು. ಹೆಚ್ಚು ಮಾತಾಡಲಿಲ್ಲ. ಆ ಹುಡುಗನನ್ನು ನಾವು ಬಹಳ ದಿನ ದಡ್ಡನೆಂದುಕೊಂಡಿದ್ದೆವು. ದಡ್ಡತನ ಯಾರದೆಂದು ಆಮೇಲೆ ಯೋಚಿಸಬೇಕಾಯಿತು. ಹಿಂದೆಂದೋ ಒಂದು ದಿನ ಯಾವನೋ ಹುಡುಗನು ನಮ್ಮ ತಪ್ಪನ್ನು ಎತ್ತಿದಾಗ ನಾವು ಹುಬ್ಬು ಗಂಟಿಕ್ಕಿದ್ದೆವು. ಆ ಹುಬ್ಬನ್ನು ಅರುವತ್ತು ಮಂದಿಯೂ ನೋಡಿದ್ದರು. ಅವರಿಗೆ ಅಂದು ಸಿಕ್ಕಿದ್ದೂ ಒಂದು ಶಿಕ್ಷಣವೇ. ಚರಿತ್ರೆಯ ತರಗತಿಯಲ್ಲಿ ಏಳು ವರ್ಷ ತಪ್ಪಿದರೆ ಯಾರೂ ಸಾಯುವುದಿಲ್ಲ. ಆದರೆ ಹಿರಿಯರ ಮುಂದೆ ತಿಳಿದುದನ್ನು ನುಂಗಿಕೊಳ್ಳುವ ಅಭ್ಯಾಸವನ್ನು ಇಪ್ಪತ್ತು ವರ್ಷ ಮಾಡಿಸಿ ಕಳುಹಿಸಿದ ಮೇಲೆ, ಎರಡು ದಿನದ ಪಾಠದಲ್ಲಿ ಅದನ್ನು ಬಿಡಿಸುವುದು ಯಾರಿಂದಾದೀತು?

ಹಾಗಾದರೆ ಇಂಥ ಶಿಕ್ಷಣವನ್ನು ಕೊಡುವವರನ್ನು ನಾವು ಏನು ಕೇಳಬೇಕು? ಈ ಚರಿತ್ರೆಯಿಂದ ನಮಗೆ ಮೂರು ಪ್ರಶ್ನೆಗಳು ದೊರೆಯುತ್ತವೆ. ಒಂದು: ಕಲಿತವರು ಮೆಚ್ಚಿದರೇ ಎಂದು ಕೇಳಿ ನಿಲ್ಲದೆ, ಕೆಲಸದ ಜಾಗದಲ್ಲಿ ಹೋಗಿ ಅವರ ನಡತೆಯನ್ನು ನೋಡಿದ್ದೀರಾ? ಎರಡು: ಒಂದು ವರ್ಷದ ಮೇಲೆ ಮತ್ತೆ ಹೋಗಿ ನೋಡಿದ್ದೀರಾ, ಸವೆದುದನ್ನು ತಿರುಗಿ ಬೆಳಗಿದ್ದೀರಾ? ಮೂರು: ಕಿರಿಯನು ಹೇಳಿದನೇ ಎಂಬುದರ ಜೊತೆಗೆ, ಹಿರಿಯನು ಕೇಳಿದನೇ, ಕೇಳದಿದ್ದರೆ ಕಿರಿಯನು ಮುಂದೇನು ಮಾಡಬಹುದೆಂಬುದನ್ನು ನಿಮ್ಮ ನಿಬಂಧನೆಯಲ್ಲಿ ಬರೆದಿದ್ದೀರಾ ಎಂಬುದನ್ನೂ ಪರೀಕ್ಷಿಸಿದ್ದೀರಾ? ಈ ಮೂರಕ್ಕೂ ಹೌದೆಂಬ ಉತ್ತರ ಬಂದ ಕಡೆ ಶಿಕ್ಷಣಕ್ಕೆ ಬೆಲೆಯುಂಟು. ಬಾರದ ಕಡೆ ಅದು ಗೋಡೆಯ ಮೇಲೆ ತೂಗುಹಾಕಿದ ಪ್ರಮಾಣಪತ್ರ ಮಾತ್ರ.

ಅಳೆಯುವುದು ಕಷ್ಟವೆಂದು ಶಿಕ್ಷಣವನ್ನೇ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಏರಿಯನ್ನು ಗಟ್ಟಿಮಾಡಿದ ಫಲವನ್ನು ಲೆಕ್ಕದಲ್ಲಿ ತೋರಿಸಲಾಗದೆಂದು ಯಾವ ಊರಿನವರೂ ಏರಿಯನ್ನು ಹಾಳುಬಿಡುವುದಿಲ್ಲ. ಆದರೆ ಮಣ್ಣು ಹಾಕಿಸಿದೆವೆಂದು ಕಾಗದದಲ್ಲಿ ಬರೆದು ಮನೆಗೆ ಹೋಗಿ ಮಲಗುವುದೂ ಇಲ್ಲ. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಏರಿಯ ಮೇಲೆ ನಡೆದು ನೋಡುತ್ತಾರೆ. ಎಲ್ಲಿಯಾದರೂ ನೀರು ಜಿನುಗುತ್ತಿದೆಯೆಂದು ಚಿಕ್ಕ ಹುಡುಗನೊಬ್ಬನು ಕೂಗಿದರೆ, ಊರಿನ ಗೌಡನೂ ಓಡಿಬರುತ್ತಾನೆ.